ತಾಳಮದ್ದಳೆ ಕ್ಯಾಸೆಟ್ಟಿಗೂ ಬಂದರಿನ ಮೀನಿಗೂ ಕಾಲಂ ಹೊಂದಿಸುವುದು: ಊರ ಸಂಗ್ರಹದ ಮೆಟಾಡೇಟಾಕ್ಕೆ ಪದಕೋಶ ಆರಿಸುವ ಮಾರ್ಗದರ್ಶಿ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಡೆ ಮನೆಯ ಅಟ್ಟದಲ್ಲಿ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದ) ಕ್ಯಾಸೆಟ್ಟುಗಳಿವೆ, ಅಡಿಕೆ ವಖಾರಿಯ ಲೆಕ್ಕದ ಪುಸ್ತಕಗಳಿವೆ, ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಘಟ್ಟ ಇಳಿದು ಅಂಕೋಲೆ, ಕಾರವಾರಕ್ಕೆ ಹೋದರೆ ಹಾಲಕ್ಕಿ ಸಮುದಾಯದ ಹಾಡುಗಳ ಧ್ವನಿಮುದ್ರಣ, ಬಂದರಿನ ಹಳೇ ಫೋಟೋ, ಮೀನಿನ ಹೆಸರುಗಳ ಪಟ್ಟಿ. ಇವನ್ನೆಲ್ಲ ಸ್ಕ್ಯಾನ್ ಮಾಡಿಕೊಡುವ ಹುಡುಗರಿಗೆ ಬರವಿಲ್ಲ. ತೊಡಕು ಶುರುವಾಗುವುದು ಆಮೇಲೆ, ಎಕ್ಸೆಲ್ ಹಾಳೆ ತೆರೆದು ಮೊದಲ ಸಾಲಿನಲ್ಲಿ ಏನು ಬರೆಯೋಣ ಎಂದು ಮುಖ ಮುಖ ನೋಡಿಕೊಳ್ಳುವಾಗ. ಒಬ್ಬರು ಕಾಲಮ್ಮಿಗೆ 'ಹಾಡಿದವರು' ಎಂದು ಹೆಸರಿಡುತ್ತಾರೆ, ಇನ್ನೊಬ್ಬರು 'ಕಲಾವಿದರು', ಮತ್ತೊಬ್ಬರು 'ಭಾಗವತರು'. ಮೂರು ಹಾಳೆಗಳನ್ನು ಒಂದು ಮಾಡಬೇಕಾದ ದಿನ ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ಈ ಬರಹ ಆ ಮೊದಲ ಸಾಲಿನ ಬಗ್ಗೆ, ಅದರ ಕೆಳಗೆ ತುಂಬುವ ಪದಗಳ ಬಗ್ಗೆ. ವಸ್ತುವಿನ ಬಗೆಗಿನ ಈ ಮಾಹಿತಿಗೇ ಮೆಟಾಡೇಟಾ ಎನ್ನುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲಮ್ಮಿನ ಹೆಸರನ್ನು ಹೊರಗಿನಿಂದ ಎರವಲು ತನ್ನಿ. ಕಾಲಮ್ಮಿನೊಳಗೆ ತುಂಬುವ ಪದಗಳನ್ನು ಊರಿನವರ ಬಾಯಿಂದ ತನ್ನಿ. ಎರಡರ ನಡುವಿನ ನಂಟನ್ನು ಎಷ್ಟಿದೆಯೋ ಅಷ್ಟೇ ಹೇಳಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ: ಕಾಲಮ್ಮಿನ ಹೆಸರು ಸ್ವಂತದ್ದು, ಒಳಗಿನ ಪದಗಳು ಮಾತ್ರ ಯಾವುದೋ ಇಂಗ್ಲಿಷ್ ಪಟ್ಟಿಯಿಂದ ಎತ್ತಿದ್ದು.

ಮೊದಲು ಪ್ರಶ್ನೆ, ಆಮೇಲೆ ಕಾಲಂ

ಸಂಗ್ರಹದಿಂದ ಒಂದಕ್ಕೊಂದು ಹೋಲದ ಹತ್ತು ವಸ್ತುಗಳನ್ನು ತೆಗೆದು ಮೇಜಿನ ಮೇಲಿಡಿ. ಹತ್ತೂ ಕ್ಯಾಸೆಟ್ಟೇ ಆದರೆ ಪ್ರಯೋಜನವಿಲ್ಲ. ಒಂದು ಹರಿದ ಪತ್ರ, ಒಂದು ಹೆಸರಿಲ್ಲದ ಫೋಟೋ, ಎರಡು ಭಾಷೆ ಬೆರೆತ ಒಂದು ಮುದ್ರಣ, ಇಂಥವು ಇರಲಿ. ನಾಳೆ ಈ ಸಂಗ್ರಹಕ್ಕೆ ಬರುವವರು ಏನು ಕೇಳಬಹುದು ಎಂದು ಬರೆದುಕೊಳ್ಳಿ. 'ಇಂಥ ಭಾಗವತರ ಪದ್ಯ ಇರುವ ಮುದ್ರಣ ಎಲ್ಲ ಬೇಕು.' 'ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಮುಳುಗುವ ಮೊದಲಿನ ಫೋಟೋ ಇದೆಯಾ?' 'ರಾಶಿ ಅಡಿಕೆಗೂ ಚಾಲಿ ಅಡಿಕೆಗೂ ದರದ ಅಂತರ ಯಾವಾಗ ಹೆಚ್ಚಿತ್ತು?'

ಪ್ರತಿ ಪ್ರಶ್ನೆಯೂ ಒಂದೋ ಎರಡೋ ಕಾಲಂ ಕೇಳುತ್ತದೆ. ಯಾವ ಪ್ರಶ್ನೆಗೂ ಉತ್ತರಿಸದ ಕಾಲಂ ಬೇಡ. 'ಇತರೆ' ಎಂಬ ಕಾಲಂ ಅಂತೂ ಖಂಡಿತ ಬೇಡ; ಆರು ತಿಂಗಳಲ್ಲಿ ಅರ್ಧ ಸಂಗ್ರಹ ಅದರೊಳಗೆ ಹೋಗಿ ಬಿದ್ದಿರುತ್ತದೆ.

ಇಲ್ಲೇ ಒಂದು ವಿಂಗಡಣೆ ಮಾಡಿಕೊಳ್ಳಿ. ಪದಕೋಶ ಎಂದಾಗ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದು, ಕಾಲಮ್ಮಿಗೆ ಹೆಸರು ಕೊಡುವ ಪದಕೋಶ, ಡಬ್ಲಿನ್ ಕೋರ್ ಥರದ್ದು. ಎರಡು, ಕಾಲಮ್ಮಿನೊಳಗೆ ಏನು ಬರೆಯಬಹುದು ಎಂಬ ನಿಗದಿತ ಪದಪಟ್ಟಿ, ಅಂದರೆ ಊರಿನ ಹೆಸರು, ಪಾತ್ರದ ಹೆಸರು, ಮೀನಿನ ಹೆಸರು. ಮೂರು, ಈ ಸ್ಕೀಮಾವನ್ನೇ, ಅಂದರೆ ಕಾಲಮ್ಮುಗಳ ಇಡೀ ವ್ಯವಸ್ಥೆಯನ್ನೇ, ವಿವರಿಸುವ ಪದಕೋಶ: ಯಾವ ಕಾಲಂ ಕಡ್ಡಾಯ, ಯಾವುದು ಎರಡು ಸಲ ಬರಬಹುದು, ಯಾವುದರಲ್ಲಿ ಯಾವ ಪಟ್ಟಿಯ ಪದ ಇರಬೇಕು ಎಂದು ಹೇಳುವಂಥದ್ದು. ಮೂರಕ್ಕೂ ಬೇರೆ ಬೇರೆ ಆಯ್ಕೆ ಬೇಕು.

ಕಾಲಮ್ಮಿನ ಹೆಸರು ಎಲ್ಲಿಂದ

ಸಂಸ್ಕೃತಿ, ದಾಖಲೆ, ಧ್ವನಿ, ಫೋಟೋ ಇವುಗಳಿಗೆ ಡಬ್ಲಿನ್ ಕೋರ್‌ನಿಂದ ಶುರುಮಾಡಿ. ಹೆಸರಿನಲ್ಲಿರುವ ಡಬ್ಲಿನ್ ಐರ್ಲೆಂಡಿನದಲ್ಲ, ಅಮೆರಿಕದ ಓಹಾಯೋ ರಾಜ್ಯದ್ದು. 1995ರಲ್ಲಿ ಅಲ್ಲಿ ನಡೆದ ಕಾರ್ಯಾಗಾರದಲ್ಲಿ ಹುಟ್ಟಿದ್ದು. ಮೂಲ ಅಂಶಗಳು 15: ಟೈಟಲ್, ಕ್ರಿಯೇಟರ್, ಸಬ್ಜೆಕ್ಟ್, ಡೇಟ್, ಲ್ಯಾಂಗ್ವೇಜ್, ರೈಟ್ಸ್ ಇತ್ಯಾದಿ. ಯಾವುದೂ ಕಡ್ಡಾಯವಲ್ಲ, ಎಲ್ಲವೂ ಎಷ್ಟು ಸಲವಾದರೂ ಬರಬಹುದು. ಈ ಸಡಿಲತೆಯೇ ಅದರ ಬಲ, ದೌರ್ಬಲ್ಯವೂ ಅದೇ. ಮುಂದೆ ಇದನ್ನೇ ವಿಸ್ತರಿಸಿ 'ಡಿಸಿಎಂಐ ಟರ್ಮ್ಸ್' ಎಂಬ ದೊಡ್ಡ ಸರಣಿ ಬಂತು. ಅದರಲ್ಲಿ 'ಕ್ರಿಯೇಟೆಡ್', 'ಆಲ್ಟರ್ನೇಟಿವ್', 'ಈಸ್ ಪಾರ್ಟ್ ಆಫ್' ಮುಂತಾದ ಸೂಕ್ಷ್ಮ ಪದಗಳಿವೆ.

ಹಳೇ 15ರ ಸರಣಿ, ಹೊಸ ಟರ್ಮ್ಸ್ ಸರಣಿ ಎರಡರಲ್ಲೂ 'ಕ್ರಿಯೇಟರ್' ಇದೆ, ಆದರೆ ಪದದ ವೆಬ್ ವಿಳಾಸ ಬೇರೆ, ನಿರೀಕ್ಷೆ ಬೇರೆ. ಹಳೆಯದರಲ್ಲಿ ಬರೀ ಹೆಸರು ಬರೆದರೆ ನಡೆಯುತ್ತದೆ. ಟರ್ಮ್ಸ್‌ನ ಕ್ರಿಯೇಟರ್ ಒಬ್ಬ ವ್ಯಕ್ತಿ ಅಥವಾ ಸಂಸ್ಥೆಯ ದಾಖಲೆಗೆ ಕೊಂಡಿಯನ್ನು ಬಯಸುತ್ತದೆ. ವ್ಯಕ್ತಿಗಳಿಗೆ ಪ್ರತ್ಯೇಕ ಹಾಳೆ ಇಡುವ ತಾಳ್ಮೆ ನಿಮ್ಮ ತಂಡಕ್ಕೆ ಇಲ್ಲದಿದ್ದರೆ ಹಳೆಯದನ್ನೇ ಬಳಸಿ, ಅದರಲ್ಲಿ ಸಣ್ಣತನವೇನೂ ಇಲ್ಲ.

ವಸ್ತು ಬೇರೆಯಾದರೆ ಪದಕೋಶವೂ ಬೇರೆ. ಗಿಡ, ಮೀನು, ಹಕ್ಕಿ ಎಂದರೆ ಡಾರ್ವಿನ್ ಕೋರ್. 2009ರಲ್ಲಿ ಮಾನದಂಡವಾಗಿ ಅಂಗೀಕಾರವಾದದ್ದು. ಜೀವವೈವಿಧ್ಯದ ಮಾಹಿತಿ ಒಟ್ಟುಗೂಡಿಸುವ ಜಿಬಿಐಎಫ್ ಜಾಲಕ್ಕೆ ದಾಖಲೆ ಹೋಗುವುದು ಇದೇ ಭಾಷೆಯಲ್ಲಿ. ಮಳೆ ಅಳತೆ, ಅಡಿಕೆ ದರ, ಮೀನು ಇಳಿಕೆಯ ಕೋಷ್ಟಕ ಇಂಥ ದತ್ತಾಂಶವನ್ನು ಪಟ್ಟಿ ಮಾಡಿ ಪ್ರಕಟಿಸುವುದಾದರೆ ಡಿಕ್ಯಾಟ್. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2014ರಲ್ಲಿ ಶಿಫಾರಸು ಮಾಡಿದ್ದು, ಮೂರನೇ ಆವೃತ್ತಿ 2024ರಲ್ಲಿ ಬಂತು. ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ಪುಟ ಸಿಗಬೇಕು ಎಂಬುದೇ ಮುಖ್ಯವಾದರೆ ಸ್ಕೀಮಾ ಡಾಟ್ ಆರ್ಗ್. ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಶುರುಮಾಡಿದ್ದು.

ಇವುಗಳಲ್ಲಿ ಒಂದನ್ನೇ ಕಟ್ಟಿಕೊಳ್ಳಬೇಕು ಎಂಬ ನಿಯಮವಿಲ್ಲ. ಬೆನ್ನೆಲುಬಾಗಿ ಒಂದು ಇರಲಿ, ಅದು ಸಾಲದ ಕಡೆ ಇನ್ನೊಂದರಿಂದ ಒಂದೆರಡು ಪದ ತನ್ನಿ. ಹೀಗೆ ಬೇರೆ ಬೇರೆ ಕಡೆಯಿಂದ ಆರಿಸಿ, ನಮ್ಮ ಕೆಲಸಕ್ಕೆ ತಕ್ಕ ನಿಯಮ ಸೇರಿಸಿ ಮಾಡಿದ್ದಕ್ಕೆ ಅಪ್ಲಿಕೇಶನ್ ಪ್ರೊಫೈಲ್ ಎನ್ನುತ್ತಾರೆ. ನೀವು ಕಟ್ಟಲು ಹೊರಟಿರುವುದು ಅದನ್ನೇ.

ಪದಕೋಶ ಒಪ್ಪಿಕೊಳ್ಳುವ ಮೊದಲು ಕೆಲವು ವಿಷಯ ಪರೀಕ್ಷಿಸಿ. ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಒಬ್ಬ ಸಂಶೋಧಕನ ಪ್ರಬಂಧಕ್ಕಾಗಿ ಮಾಡಿ ಬಿಟ್ಟದ್ದೋ, ಸಂಸ್ಥೆಯ ಬೆಂಬಲ ಇರುವುದೋ? ಪ್ರತಿ ಪದಕ್ಕೂ ಸ್ಥಿರವಾದ ವೆಬ್ ವಿಳಾಸವಿದೆಯೋ, ಕ್ಲಿಕ್ ಮಾಡಿದರೆ ವ್ಯಾಖ್ಯೆ ಬರುತ್ತದೋ? ವ್ಯಾಖ್ಯೆಯನ್ನು ಪೂರ್ತಿ ಓದಿ, ಹೆಸರು ನೋಡಿ ಮೋಸ ಹೋಗಬೇಡಿ. ಇದಕ್ಕೆ ಉದಾಹರಣೆ ಈಗಲೇ ಬರುತ್ತದೆ. ಬೇರೆಯವರು ಬಳಸುತ್ತಿದ್ದಾರೋ ಎಂದು ನೋಡಲು ಲಿಂಕ್ಡ್ ಓಪನ್ ವೊಕ್ಯಾಬುಲರೀಸ್ ಎಂಬ ತಾಣವಿದೆ; ಅಲ್ಲಿ ಒಂದು ಪದ ಹಾಕಿದರೆ ಅದು ಯಾವ ಯಾವ ಪದಕೋಶದಲ್ಲಿದೆ ಎಂದು ತೋರಿಸುತ್ತದೆ. ಪರವಾನಗಿಯನ್ನೂ ನೋಡಿ. ಕನ್ನಡದ ಹೆಸರು ಅದರಲ್ಲಿ ಇಲ್ಲ ಎಂಬ ಕಾರಣಕ್ಕೆ ಯಾವುದನ್ನೂ ಬಿಡಬೇಡಿ. ಪರದೆಯ ಮೇಲೆ ಕಾಣುವ ಕನ್ನಡ ಹೆಸರನ್ನು ನೀವೇ ಕೊಡಬಹುದು, ಅದರ ಬೆನ್ನಿಗಿರುವ ವೆಬ್ ವಿಳಾಸ ಅದೇ ಇರುತ್ತದೆ. ಸಂಗ್ರಹವನ್ನು ವೆಬ್‌ನಲ್ಲಿ ಇಡುವ ಒಮೇಕಾ ಎಸ್ ತಂತ್ರಾಂಶ ಬಳಸುವವರಿಗೆ ಡಿಸಿಎಂಐ ಟರ್ಮ್ಸ್ ಮೊದಲೇ ಕೂತಿರುತ್ತದೆ. ಬೇರೆ ಪದಕೋಶವನ್ನು ಆಮದು ಮಾಡಿಕೊಳ್ಳುವುದಕ್ಕೂ ದಾರಿಯಿದೆ.

ಒಂದು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು

ಶಿರಸಿ ಹತ್ತಿರದ ಮನೆಯೊಂದರ ಕ್ಯಾಸೆಟ್ಟು ಎಂದಿಟ್ಟುಕೊಳ್ಳಿ. ಲೇಬಲ್ಲಿನ ಮೇಲೆ ನೀಲಿ ಪೆನ್ನಿನಲ್ಲಿ ಇಷ್ಟೇ ಇದೆ: 'ಸಂಧಾನ, ಭಾಗ 2, ನಮ್ಮನೆ, ಮಳೆಗಾಲ, ಪ್ರಭವ.' ಬಿ ಬದಿಯ ಅರ್ಧಕ್ಕೆ ಯಾರೋ ಭಾವಗೀತೆ ಮುದ್ರಿಸಿ ತಾಳಮದ್ದಳೆಯನ್ನು ಅಳಿಸಿದ್ದಾರೆ.

ಟೈಟಲ್ ಕಾಲಮ್ಮಿನಲ್ಲಿ ಲೇಬಲ್ಲಿನಲ್ಲಿ ಇದ್ದ ಹಾಗೇ 'ಸಂಧಾನ' ಎಂದು ಬರೆಯಿರಿ. ಪ್ರಸಂಗದ ಪೂರ್ಣ ಹೆಸರು ಗೊತ್ತಾದರೆ 'ಆಲ್ಟರ್ನೇಟಿವ್'ನಲ್ಲಿ. 'ಭಾಗ 2' ಎಂದರೆ ಭಾಗ 1 ಎಲ್ಲೋ ಇದೆ. 'ಈಸ್ ಪಾರ್ಟ್ ಆಫ್'ನಲ್ಲಿ ಇಡೀ ಕಾರ್ಯಕ್ರಮದ ಗುರುತುಸಂಖ್ಯೆ ಹಾಕಿ.

ಈಗ ಜಗಳ ಬರುವ ಜಾಗ, ಕ್ರಿಯೇಟರ್. ಪ್ರಸಂಗದ ಪದ್ಯ ಬರೆದ ಕವಿಯೋ? ಹಾಡಿದ ಭಾಗವತರೋ? ತಾಳಮದ್ದಳೆಯಲ್ಲಿ ಅರ್ಥಧಾರಿ ಬರೆದಿಟ್ಟ ಮಾತನ್ನು ಒಪ್ಪಿಸುವುದಿಲ್ಲ, ಎದುರಿನವನ ಮಾತಿಗೆ ಅಲ್ಲೇ ಕೂತು ಮಾತು ಕಟ್ಟುತ್ತಾನೆ. ಹಾಗಾದರೆ ಅವನೇ ಕರ್ತೃವಲ್ಲವೇ? ಈ ಪ್ರಶ್ನೆಗೆ ಸಭೆ ಕರೆದರೆ ರಾತ್ರಿ ಕಳೆದರೂ ಮುಗಿಯುವುದಿಲ್ಲ, ಅದೇ ಒಂದು ತಾಳಮದ್ದಳೆಯಾಗುತ್ತದೆ. ನನ್ನ ಸಲಹೆ, ಕ್ರಿಯೇಟರ್ ಖಾಲಿ ಬಿಡಿ. ಕವಿ ಪ್ರಸಂಗದ ಕರ್ತೃ, ಈ ಮುದ್ರಣದ ಕರ್ತೃವಲ್ಲ. ಭಾಗವತರು, ಅರ್ಥಧಾರಿಗಳು, ಮದ್ದಳೆಗಾರರು, ಚೆಂಡೆಯವರು, ಟೇಪ್ ರೆಕಾರ್ಡರ್ ಒತ್ತಿದ ಮನೆಯ ಹುಡುಗ ಎಲ್ಲರೂ 'ಕಾಂಟ್ರಿಬ್ಯೂಟರ್'. ಪ್ರತಿ ಹೆಸರಿನ ಪಕ್ಕ ಮೇಳದಲ್ಲಿ ಅವರ ಪಾತ್ರದ (ಭಾಗವತ, ಮದ್ದಳೆಗಾರ ಎಂಬಂತೆ) ಕಾಲಂ ಒಂದು ಬೇಕು, ಅರ್ಥ ಹೇಳಿದ ಪೌರಾಣಿಕ ಪಾತ್ರದ ಹೆಸರಿಗೆ ಮತ್ತೊಂದು. ಇವೆರಡನ್ನು ಬೆರೆಸಿ 'ಕೃಷ್ಣ' ಎಂದು ಬರೆದರೆ ಅದು ಕಲಾವಿದರ ಹೆಸರೋ ಪೌರಾಣಿಕ ಪಾತ್ರದ ಹೆಸರೋ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಪಾತ್ರಗಳಿಗೆ ಸಿದ್ಧ ಪದಪಟ್ಟಿ ಬೇಕೆಂದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ 'ರಿಲೇಟರ್' ಪಟ್ಟಿಯಿದೆ. ಅದರಲ್ಲಿ ಸಿಂಗರ್, ಪರ್ಫಾರ್ಮರ್, ಇನ್‌ಸ್ಟ್ರುಮೆಂಟಲಿಸ್ಟ್, ಸ್ಪೀಕರ್ ಎಲ್ಲ ಇದ್ದಾರೆ. ಅರ್ಥಧಾರಿ ಇಲ್ಲ. ಭಾಗವತರನ್ನು ಸಿಂಗರ್ ಎಂದು ಬರೆದು ಕೈತೊಳೆದುಕೊಂಡರೆ, ರಂಗವನ್ನು ನಡೆಸುವವರೂ ಅವರೇ ಎಂಬುದು ದಾಖಲೆಯಿಂದ ಹೊರಗೆ ಉಳಿಯುತ್ತದೆ. ಹಾಗಾಗಿ ಕಾಲಮ್ಮಿನಲ್ಲಿ 'ಭಾಗವತ' ಎಂದೇ ಇರಲಿ. ಅದನ್ನು ಸಿಂಗರ್‌ಗೆ ಜೋಡಿಸುವ ಕೆಲಸ ಕಾಲಮ್ಮಿನ ಬೆನ್ನಿಗಿರುವ ಪದಪಟ್ಟಿಯಲ್ಲಿ ನಡೆಯಲಿ. ಅದು ಹೇಗೆ ಎಂಬುದು ಮುಂದಿನ ಭಾಗದಲ್ಲಿ.

ಇನ್ನು 'ನಮ್ಮನೆ'. ಊರು ಎಂದ ತಕ್ಷಣ ಎಲ್ಲರ ಕೈ 'ಕವರೇಜ್' ಅಥವಾ 'ಸ್ಪೇಷಿಯಲ್' ಕಡೆ ಹೋಗುತ್ತದೆ. ವ್ಯಾಖ್ಯೆ ಓದಿ: ಅದು ವಸ್ತು ಯಾವ ಜಾಗದ ಬಗ್ಗೆ ಇದೆ ಎಂಬುದಕ್ಕೆ. ಆ ಲೆಕ್ಕಕ್ಕೆ ಈ ಕ್ಯಾಸೆಟ್ಟಿನ ಕವರೇಜ್ ಹಸ್ತಿನಾವತಿ! ಮುದ್ರಣ ನಡೆದ ಮನೆಗೆ ಬೇರೆ ಪದ ಬೇಕು. ಸ್ಕೀಮಾ ಡಾಟ್ ಆರ್ಗ್‌ನಲ್ಲಿ 'ಲೊಕೇಶನ್ ಕ್ರಿಯೇಟೆಡ್' ಎಂಬುದಿದೆ. ಕೃತಿ ತಯಾರಾದ ಜಾಗ, ಚಿತ್ರಿತವಾದ ಜಾಗದಿಂದ ಬೇರೆ ಇರಬಹುದು ಎಂದು ಅದರ ವ್ಯಾಖ್ಯೆಯೇ ಹೇಳುತ್ತದೆ. ಅದನ್ನು ತನ್ನಿ. ಬಂದರಿನ ಫೋಟೋಕ್ಕೆ ಮಾತ್ರ ಸ್ಪೇಷಿಯಲ್ಲೇ ಸರಿ. ಕ್ಯಾಸೆಟ್ಟು ಯಾರ ಮನೆಯಿಂದ ಯಾರ ಕೈಗೆ ಬಂತು ಎಂಬುದು 'ಪ್ರಾವೆನೆನ್ಸ್'ಗೆ ಹೋಗುತ್ತದೆ.

ಕ್ಯಾಸೆಟ್ಟು ಬೇರೆ, ಅದರಿಂದ ಮಾಡಿದ ಆಡಿಯೋ ಫೈಲು ಬೇರೆ. ಒಂದೇ ಸಾಲಿನಲ್ಲಿ ಎರಡನ್ನೂ ತುರುಕಿದರೆ ತಾರೀಖಿನ ಕಾಲಂ ಗೋಜಲಾಗುತ್ತದೆ: ಲೇಬಲ್ಲಿನ ಪ್ರಭವ ಸಂವತ್ಸರ, ಅಂದರೆ 1987, ಯಾವುದರದ್ದು, ಮೊನ್ನೆ ಡಿಜಿಟಲ್ ಮಾಡಿದ ದಿನ ಯಾವುದರದ್ದು? ಎರಡು ಸಾಲು ಮಾಡಿ 'ಈಸ್ ಫಾರ್ಮ್ಯಾಟ್ ಆಫ್'ನಿಂದ ಜೋಡಿಸಿ. ಭಾವಗೀತೆಯ ವಿಷಯವನ್ನು ಡಿಸ್ಕ್ರಿಪ್ಶನ್‌ನಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಒಳಗಿನ ಪದಗಳು: ಅಡಿಕೆ ಮತ್ತು ಮೀನು

ಕಾಲಮ್ಮಿನೊಳಗಿನ ಪದಪಟ್ಟಿ ಮಾಡಲು ಸ್ಕೋಸ್ ಎಂಬ ಪದ್ಧತಿ ಸಾಕು. ಡಬ್ಲ್ಯೂ3ಸಿ 2009ರಲ್ಲಿ ಶಿಫಾರಸು ಮಾಡಿದ್ದು. ಇದರಲ್ಲಿ ಪದಕ್ಕಿಂತ ಪರಿಕಲ್ಪನೆ ಮೊದಲು. ಒಂದು ಪರಿಕಲ್ಪನೆಗೆ ಒಂದು ಗುರುತುಸಂಖ್ಯೆ, ಪ್ರತಿ ಭಾಷೆಯಲ್ಲಿ ಒಂದೇ ಒಂದು ಮುಖ್ಯ ಹೆಸರು, ಎಷ್ಟು ಬೇಕಾದರೂ ಪರ್ಯಾಯ ಹೆಸರು. ತಪ್ಪು ಕಾಗುಣಿತದಲ್ಲಿ ಹುಡುಕಿದರೂ ಸಿಗಲಿ ಎಂದು ಅಡಗಿಸಿದ ಹೆಸರನ್ನೂ ಇಡಬಹುದು. ಮೇಲೆ ಕೆಳಗೆ ಜೋಡಿಸಲು 'ಬ್ರಾಡರ್', 'ನ್ಯಾರೋವರ್'.

ವಖಾರಿಯ ಲೆಕ್ಕದ ಪುಸ್ತಕ ತೆಗೆದರೆ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಬರುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಗ್ರೋವಾಕ್ ಬಹುಭಾಷೆಯ ದೊಡ್ಡ ಕೃಷಿ ಪದಕೋಶ. ಅದರಲ್ಲಿ ಅಡಿಕೆ ಮರ 'ಅರೆಕಾ ಕಟೆಚು' ಎಂಬ ವೈಜ್ಞಾನಿಕ ಹೆಸರಿನಲ್ಲಿ ಸಿಗುತ್ತದೆ. ರಾಶಿ, ಚಾಲಿಯನ್ನು ಅಲ್ಲಿ ನಿರೀಕ್ಷಿಸಬೇಡಿ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು, ಆದರೆ ಮಾನ್ಯತೆ ಬಂದ ಮಾತ್ರಕ್ಕೆ ಗ್ರೇಡುಗಳ ಹೆಸರು ಜಾಗತಿಕ ಪಟ್ಟಿಗೆ ತಾನಾಗಿ ಸೇರುವುದಿಲ್ಲ.

ಇಂಥಲ್ಲಿ ಪಟ್ಟಿ ನಿಮ್ಮದೇ ಆಗಬೇಕು. ಬೇಯಿಸಿದ ಕೆಂಪಡಿಕೆಯ ಕೆಳಗೆ ರಾಶಿ, ಬೆಟ್ಟೆ; ಹಣ್ಣಡಿಕೆ ಒಣಗಿಸಿ ಸುಲಿದ ಬಿಳಿಯಡಿಕೆಯ ಕೆಳಗೆ ಚಾಲಿ. ಗೋಟು ಎಲ್ಲಿ ಕೂರಬೇಕು ಎಂಬುದನ್ನು ಪುಸ್ತಕ ನೋಡಿ ತೀರ್ಮಾನಿಸಬೇಡಿ. ಅಡಿಕೆ ಆರಿಸುವ ಹೆಂಗಸರನ್ನು ಕೇಳಿ, ದಲಾಲಿ ಅಂಗಡಿಯವರನ್ನು ಕೇಳಿ, ಇಬ್ಬರೂ ಬೇರೆ ಬೇರೆ ಹೇಳಿದರೆ ಎರಡನ್ನೂ ಟಿಪ್ಪಣಿಯಲ್ಲಿ ಬರೆದಿಡಿ. ಪ್ರತಿ ಪದಕ್ಕೂ ಒಂದು ವಾಕ್ಯದ ವ್ಯಾಖ್ಯೆ ಬೇಕೇ ಬೇಕು. 'ರಾಶಿ' ಎಂದರೆ ಗುಡ್ಡೆ ಎಂದು ತಿಳಿಯುವವರು ಘಟ್ಟದ ಕೆಳಗೇ ಎಷ್ಟೋ ಜನ ಸಿಗುತ್ತಾರೆ.

ಆಮೇಲೆ ಜೋಡಣೆ. ಸ್ಕೋಸ್‌ನಲ್ಲಿ ಹೊರಗಿನ ಪದಕೋಶಕ್ಕೆ ಕೊಂಡಿ ಹಾಕಲು 'ಎಕ್ಸಾಕ್ಟ್ ಮ್ಯಾಚ್', 'ಕ್ಲೋಸ್ ಮ್ಯಾಚ್', 'ಬ್ರಾಡ್ ಮ್ಯಾಚ್', 'ನ್ಯಾರೋ ಮ್ಯಾಚ್', 'ರಿಲೇಟೆಡ್ ಮ್ಯಾಚ್' ಇವೆ. ಎಲ್ಲರಿಗೂ ಎಕ್ಸಾಕ್ಟ್ ಮೇಲೆ ಪ್ರೀತಿ. ಅದು ಅಪಾಯದ ಕೊಂಡಿ, ಏಕೆಂದರೆ ಅದು ದಾಟಿಕೊಂಡು ಹೋಗುತ್ತದೆ: ನಿಮ್ಮ ಪದ ಅವರ ಪದಕ್ಕೆ ಸಮ, ಅವರದ್ದು ಮೂರನೆಯವರದ್ದಕ್ಕೆ ಸಮ ಎಂದರೆ, ನಿಮ್ಮದೂ ಮೂರನೆಯವರದ್ದೂ ಸಮ ಎಂದು ಯಂತ್ರ ತೀರ್ಮಾನಿಸುತ್ತದೆ. ಕ್ಲೋಸ್ ಮ್ಯಾಚ್‌ಗೆ ಆ ಗುಣವಿಲ್ಲ. ಭಾಗವತರಿಂದ ಸಿಂಗರ್‌ಗೆ ಬ್ರಾಡ್ ಮ್ಯಾಚ್ ಹಾಕಿ. ಸಿಂಗರ್ ಎಂಬುದು ಇನ್ನೂ ವಿಶಾಲವಾದದ್ದು ಎಂದು ಅರ್ಥ. ಅರ್ಥಧಾರಿಗೆ ಪರ್ಫಾರ್ಮರ್ ಜೊತೆ ಬ್ರಾಡ್ ಮ್ಯಾಚ್ ಸಾಕು. ಮದ್ದಳೆಗಾರರಿಗೆ ಇನ್‌ಸ್ಟ್ರುಮೆಂಟಲಿಸ್ಟ್.

ಹಿಮ್ಮೇಳ (ಹಾಡು, ವಾದ್ಯದವರು), ಮುಮ್ಮೇಳ (ಅರ್ಥಧಾರಿಗಳು) ಎಂಬ ವಿಂಗಡಣೆ ಬೇಕೆಂದರೆ ಅವನ್ನು ಬ್ರಾಡರ್ ಮಾಡಬೇಡಿ. ಮದ್ದಳೆಗಾರ ಹಿಮ್ಮೇಳದಲ್ಲಿ ಒಬ್ಬ, ಹಿಮ್ಮೇಳದ ಒಂದು ಬಗೆಯಲ್ಲ. ಇದಕ್ಕೆ ಸ್ಕೋಸ್‌ನಲ್ಲಿ 'ಕಲೆಕ್ಷನ್' ಎಂಬ ಗುಂಪು ಮಾಡುವ ಸೌಲಭ್ಯ ಇದೆ.

ಮೀನಿನಲ್ಲಿ ಕಷ್ಟ ಬೇರೆ ಥರ. ಬಂಗಡೆ ಸುಲಭ: ರಾಸ್ಟ್ರೆಲ್ಲಿಗರ್ ಕನಗುರ್ತಾ. ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬ ಮೀನಿಗೆ ಕರಾವಳಿಯಲ್ಲಿ ಊರು ದಾಟಿದ ಹಾಗೆ ಹೆಸರು ಬದಲಾಗುತ್ತದೆ: ಬೈಗೆ, ಬೂತಾಯಿ, ಕೊಂಕಣಿಯವರಿಗೆ ತಾರ್ಲೆ. ಇವು ಮೂರು ಪರಿಕಲ್ಪನೆಗಳಲ್ಲ, ಒಂದೇ. ಕನ್ನಡದ ಮುಖ್ಯ ಹೆಸರು ಯಾವುದು ಎಂದು ನಿಮ್ಮ ಊರಿನ ಬಳಕೆ ನೋಡಿ ಆರಿಸಿ, ಉಳಿದದ್ದು ಪರ್ಯಾಯ. ಕೊಂಕಣಿ ಹೆಸರು ಕೊಂಕಣಿಯ ಮುಖ್ಯ ಹೆಸರಾಗಿ ಹೋಗಲಿ. ಇಸವಣದ ಕಥೆ ಇದಕ್ಕೆ ವಿರುದ್ಧ. ಆ ಒಂದು ಹೆಸರಿನಡಿ ಸ್ಕೊಂಬೆರೊಮೊರಸ್ ಕುಲದ ಒಂದಕ್ಕಿಂತ ಹೆಚ್ಚು ಜಾತಿಗಳು ಬುಟ್ಟಿಗೆ ಬರುತ್ತವೆ. ಬರೀ ಹೆಸರು ನೋಡಿ ಒಂದು ಜಾತಿಗೆ ಎಕ್ಸಾಕ್ಟ್ ಹಾಕಿದಿರೋ, ಕಾರವಾರದ ಪಟ್ಟಿ ನಂಬಿ ಲೆಕ್ಕ ಹಾಕುವ ವಿಜ್ಞಾನಿಗೆ ಸುಳ್ಳು ಹೇಳಿದಂತೆ. ಇಸವಣದಿಂದ ಆ ಜಾತಿಗಳಿಗೆ ನ್ಯಾರೋ ಮ್ಯಾಚ್ ಹಾಕಿ. ಡಾರ್ವಿನ್ ಕೋರ್‌ನಲ್ಲಿ 'ವರ್ನಾಕ್ಯುಲರ್ ನೇಮ್' ಮತ್ತು 'ಸೈಂಟಿಫಿಕ್ ನೇಮ್' ಬೇರೆ ಬೇರೆ ಇರುವುದು ಇದಕ್ಕೇ. ಮೊದಲನೆಯದನ್ನು ಮೀನು ಮಾರುವ ಬಾಯಿ ಹೇಳಿದಂತೆ ತುಂಬಿ. ಎರಡನೆಯದು ಮೀನನ್ನೇ ನೋಡಿ ಗುರುತಿಸಬಲ್ಲವರು ಹೇಳುವವರೆಗೆ ಕುಲದ ಹೆಸರಲ್ಲೇ ನಿಲ್ಲಲಿ. ಕಾರವಾರದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇರುವಾಗ ಊಹೆ ಏಕೆ?

ಘಟ್ಟದ ಮೇಲೆ ಅಪ್ಪೆಮಿಡಿಯಲ್ಲೂ ಇದೇ ತಿರುವು. ಎಷ್ಟು ತಳಿ ಹೆಸರಿಸಿದರೂ ವೈಜ್ಞಾನಿಕ ಹೆಸರು ಒಂದೇ, ಮ್ಯಾಂಜಿಫೆರಾ ಇಂಡಿಕಾ. ಜ್ಞಾನ ಇರುವುದು ಸ್ಥಳೀಯ ಹೆಸರಿನಲ್ಲಿ. ಅದನ್ನು ಕಳೆದರೆ ಉಳಿಯುವುದು ಮಾವು ಅಷ್ಟೇ.

ಊರು, ಕಾಲ, ಭಾಷೆ

ಊರಿನ ಹೆಸರಿಗೆ ಜಿಯೋನೇಮ್ಸ್ ಅಥವಾ ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದ ಗುರುತುಸಂಖ್ಯೆ ಬಳಸಿ. ವಿಕಿಡೇಟಾದಲ್ಲಿ ಕನ್ನಡ ಹೆಸರು ಸೇರಿಸಲು ಯಾರಿಗೂ ಅರ್ಜಿ ಕೊಡಬೇಕಿಲ್ಲ ಎಂಬುದು ನನಗೆ ಅದರ ಮೇಲಿನ ಒಲವಿಗೆ ಕಾರಣ. ಶಿರಸಿ, ಸಿರಸಿ, ಸಿರ್ಸಿ ಎಲ್ಲ ಒಂದೇ ಸಂಖ್ಯೆಗೆ ಬರುತ್ತವೆ. ಹಳೇ ಇಂಗ್ಲಿಷ್ ಕಾಗದದ 'ಓನೋರ್' ಹೊನ್ನಾವರಕ್ಕೆ. ನಿಮ್ಮ ಹಾಳೆಯಲ್ಲಿ ಎಷ್ಟು ಕಾಗುಣಿತ ಇವೆ ಎಂದು ನೋಡಲು ಓಪನ್‌ರಿಫೈನ್ ಎಂಬ ತಂತ್ರಾಂಶಕ್ಕೆ ಹಾಕಿ ಟೆಕ್ಸ್ಟ್ ಫೇಸೆಟ್ ತೆರೆಯಿರಿ, ಎಲ್ಲವೂ ಎಡಗಡೆ ಸಾಲಾಗಿ ನಿಲ್ಲುತ್ತವೆ.

ಆಡಳಿತದ ಗಡಿ ಮಾತ್ರ ಎಚ್ಚರ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಾಗದಕ್ಕೆ 'ಕರ್ನಾಟಕ ರಾಜ್ಯ' ಎಂದು ಬರೆಯುವಂತಿಲ್ಲ. ದಾಖಲೆಯಲ್ಲಿದ್ದ ಹೆಸರು ಒಂದು ಕಾಲಮ್ಮಿನಲ್ಲಿ, ಇಂದಿನ ಗುರುತುಸಂಖ್ಯೆ ಇನ್ನೊಂದರಲ್ಲಿ ಇರಲಿ. ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಸೂಪಾ ಊರನ್ನು ಜೋಯಿಡಾದ ಸಂಖ್ಯೆಗೆ ಜೋಡಿಸಬೇಡಿ. ಮುಳುಗಿದ ಊರೂ ಒಂದು ಊರೇ, ಅದಕ್ಕೂ ಅದರದೇ ಗುರುತು ಬೇಕು. ಕಾರವಾರದ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳಿಗೂ ಇದೇ ಮಾತು.

ತಾರೀಖಿಗೆ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ, ಅನುಮಾನವಿದ್ದರೆ ಅದರ ವಿಸ್ತರಣೆಯಾದ ಇಡಿಟಿಎಫ್. 2019ರಲ್ಲಿ ಅದು ಮಾನದಂಡದ ಎರಡನೇ ಭಾಗದೊಳಗೆ ಸೇರಿತು. ನಮ್ಮ ಕ್ಯಾಸೆಟ್ಟಿಗೆ ಬರೋಣ. ಪ್ರಭವ ಸಂವತ್ಸರ 1867ರಲ್ಲಿ ಶುರುವಾಗಿತ್ತು, 1927ರಲ್ಲಿ, ಮತ್ತೆ 1987ರಲ್ಲಿ. ಕ್ಯಾಸೆಟ್ಟು ಹುಟ್ಟಿದ್ದೇ 1960ರ ದಶಕದಲ್ಲಿ, ಹಾಗಾಗಿ ಇದು 1987. ಮಳೆಗಾಲಕ್ಕೆ ಏನು ಮಾಡುವುದು? ಇಡಿಟಿಎಫ್‌ನಲ್ಲಿ ಋತುಗಳಿಗೆ 21ರಿಂದ 24ರವರೆಗೆ ಸಂಖ್ಯೆಯಿದೆ, ಆದರೆ ಅವು ವಸಂತ, ಬೇಸಿಗೆ, ಶರತ್, ಚಳಿಗಾಲ, ಮಳೆಗಾಲಕ್ಕೆ ಜಾಗವಿಲ್ಲ. ತಿಂಗಳ ಅವಧಿಯಾಗಿ 1987-06/1987-09 ಎಂದು ಬರೆಯಿರಿ, 'ಮಳೆಗಾಲ, ಪ್ರಭವ' ಎಂಬ ಮೂಲ ಮಾತನ್ನು ಪಕ್ಕದ ಕಾಲಮ್ಮಿನಲ್ಲಿ ಹಾಗೇ ಉಳಿಸಿ. ಅದೇ 'ಪ್ರಭವ' ಒಂದು ಪತ್ರದ ಮೇಲಿದ್ದು, ಅಂಚೆ ಮುದ್ರೆಯೂ ಮಾಸಿದ್ದರೆ? ಇಡಿಟಿಎಫ್‌ನಲ್ಲಿ [1927,1987] ಎಂದು ಚೌಕಟ್ಟಿನೊಳಗೆ ಬರೆದರೆ 'ಇವೆರಡರಲ್ಲಿ ಒಂದು' ಎಂದು ಅರ್ಥ. ವರ್ಷವೇ ಅನುಮಾನವಾದರೆ ಅದರ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಬರೀ ಅಂದಾಜಾದರೆ ~ ಚಿಹ್ನೆ.

ಭಾಷೆಗೆ 'ಕೊಂಕಣಿ' ಎಂದಷ್ಟೇ ಬರೆದರೆ ಸಾಲದು. ಕಾರವಾರದಲ್ಲಿ ಕೊಂಕಣಿ ಕನ್ನಡ ಲಿಪಿಯಲ್ಲೂ ಸಿಗುತ್ತದೆ, ದೇವನಾಗರಿಯಲ್ಲೂ. ಬಿಸಿಪಿ 47 ಎಂಬ ಪದ್ಧತಿಯಲ್ಲಿ ಭಾಷೆಯ ಸಂಕೇತದ ನಂತರ ಅಡ್ಡಗೆರೆ ಹಾಕಿ ಲಿಪಿಯ ನಾಲ್ಕಕ್ಷರದ ಸಂಕೇತ ಸೇರಿಸಬಹುದು. ಹವ್ಯಕ ಕನ್ನಡವನ್ನು ಗುರುತಿಸಬೇಕೆಂದರೆ ಕನ್ನಡದ ಸಂಕೇತದ ನಂತರ ಎಕ್ಸ್ ಅಕ್ಷರ, ಆಮೇಲೆ ಎಂಟು ಅಕ್ಷರ ಮೀರದಂತೆ ರೋಮನ್‌ನಲ್ಲಿ 'ಹವ್ಯಕ' ಎಂದು ಹಾಕಲು ಅವಕಾಶವಿದೆ. ಎಕ್ಸ್ ಎಂದರೆ ಇದು ನಮ್ಮ ಖಾಸಗಿ ಒಪ್ಪಂದ ಎಂಬ ಸೂಚನೆ. ಹಳೇ ಮೋಡಿ ಲಿಪಿಯ ಕಾಗದಗಳಿಗೂ, ತಿಗಳಾರಿ ತಾಳೆಗರಿಗಳಿಗೂ ಲಿಪಿಯ ಸಂಕೇತಗಳಿವೆ. ಮೋಡಿ ಯೂನಿಕೋಡಿಗೆ 2014ರಲ್ಲಿ ಬಂತು, ತುಳು-ತಿಗಳಾರಿ 2024ರಲ್ಲಿ.

ಹಕ್ಕಿನ ಕಾಲಮ್ಮಿಗೆ ರೈಟ್ಸ್‌ಸ್ಟೇಟ್‌ಮೆಂಟ್ಸ್ ಡಾಟ್ ಆರ್ಗ್ ತಾಣದ 12 ಸಿದ್ಧ ಹೇಳಿಕೆಗಳಲ್ಲಿ ಒಂದನ್ನು ಆರಿಸಿ. ಹಾಲಕ್ಕಿ ಹಾಡು, ಸಿದ್ದಿ ಜನರ ಹಾಡು ಇಂಥ ಸಮುದಾಯದ ಸ್ವತ್ತಿಗೆ ಹಾಡಿದವರ ಒಪ್ಪಿಗೆ ಇದೆಯೇ, ಯಾವುದಕ್ಕೆ ಒಪ್ಪಿದ್ದಾರೆ ಎಂಬುದಕ್ಕೆ ಪ್ರತ್ಯೇಕ ಕಾಲಂ ಮಾಡಿ. ಸಾಂಪ್ರದಾಯಿಕ ಜ್ಞಾನಕ್ಕಾಗಿಯೇ ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆ ರೂಪಿಸಿದ ಟಿಕೆ ಲೇಬಲ್‌ಗಳನ್ನೂ ನೋಡಿ. ಆ ಲೇಬಲ್ ಹಾಕಬೇಕಾದವರು ಸಮುದಾಯದವರು, ಸಂಗ್ರಹಕಾರರಲ್ಲ.

ಸ್ಕೀಮಾವನ್ನೇ ಬರೆದಿಡುವುದು

ಇಷ್ಟೆಲ್ಲ ತೀರ್ಮಾನ ಒಬ್ಬರ ತಲೆಯಲ್ಲಿ ಉಳಿದರೆ ಅವರು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಸ್ಕೀಮಾವೂ ಬಸ್ ಹತ್ತುತ್ತದೆ. ಹಾಗಾಗದಂತೆ ಸ್ಕೀಮಾವನ್ನೇ ದಾಖಲೆ ಮಾಡುವ ಪದಕೋಶಗಳಿವೆ. ಆರ್‌ಡಿಎಫ್ ಸ್ಕೀಮಾ ಒಂದು ಪದದ ಹೆಸರು, ವ್ಯಾಖ್ಯೆ, ಅದು ಯಾವುದರ ಉಪಪದ ಎಂದು ಹೇಳುತ್ತದೆ. ಔಲ್ ತರ್ಕದ ಮಟ್ಟಕ್ಕೆ ಹೋಗುತ್ತದೆ. ಸಣ್ಣ ಸಂಗ್ರಹಕ್ಕೆ ಅದರ ಸಹವಾಸ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2017ರಲ್ಲಿ ಡಬ್ಲ್ಯೂ3ಸಿ ಶಿಫಾರಸು ಮಾಡಿದ ಷ್ಯಾಕಲ್, ದಾಖಲೆಗಳು ನಿಯಮಕ್ಕೆ ಹೊಂದುತ್ತವೆಯೋ ಎಂದು ಯಂತ್ರದಿಂದ ಪರೀಕ್ಷಿಸುತ್ತದೆ. ಪ್ರೋಗ್ರಾಮಿಂಗ್ ಗೊತ್ತಿರುವ ಒಬ್ಬರಾದರೂ ತಂಡದಲ್ಲಿದ್ದರೆ ಒಳ್ಳೆಯದು.

ಉಳಿದವರಿಗೆ ಡಿಸಿ-ಟ್ಯಾಪ್. ಡಬ್ಲಿನ್ ಕೋರ್ ಬಳಗದವರೇ ಮಾಡಿದ ಇದು ಬರೀ ಒಂದು ಕೋಷ್ಟಕ, 12 ಕಾಲಂ. ಎಕ್ಸೆಲ್‌ನಲ್ಲೇ ಬರೆಯಬಹುದು. ನಮ್ಮ ಪಾತ್ರದ ಕಾಲಂ ಅದರಲ್ಲಿ ಹೀಗೆ ನಿಲ್ಲುತ್ತದೆ: ಗುಣದ ವಿಳಾಸ: ಕಾಂಟ್ರಿಬ್ಯೂಟರ್ ದಾಖಲೆಯೊಳಗಿನ ಪಾತ್ರ; ಕಾಣುವ ಹೆಸರು: 'ಮೇಳದಲ್ಲಿ ಪಾತ್ರ'; ಕಡ್ಡಾಯ: ಹೌದು; ಪುನರಾವರ್ತನೆ: ಹೌದು, ಏಕೆಂದರೆ ಒಬ್ಬರೇ ಪೂರ್ವಾರ್ಧದಲ್ಲಿ ಮದ್ದಳೆ ಬಾರಿಸಿ ಉತ್ತರಾರ್ಧದಲ್ಲಿ ಹಾಡಿರಬಹುದು; ಮೌಲ್ಯದ ಮಿತಿ: ನಮ್ಮ ಸ್ಕೋಸ್ ಪಟ್ಟಿ; ಟಿಪ್ಪಣಿ: 'ಪೌರಾಣಿಕ ಪಾತ್ರದ ಹೆಸರು ಇಲ್ಲಿ ಬರೆಯಬಾರದು.' ಈ ಟಿಪ್ಪಣಿಯ ಕಾಲಂ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕನ್ನಡದಲ್ಲೇ ಬರೆಯಿರಿ, ಉದ್ದವಾಗಿ ಬರೆಯಿರಿ.

ಎಲ್ಲೂ ಸಿಗದ ಗುಣಕ್ಕೆ ಸ್ವಂತ ಪದ ಮಾಡಬೇಕಾದೀತು. ಮೊದಲು ಎರಡು ಪದಕೋಶ ಹುಡುಕಿ, ಸಿಗದಿದ್ದರೆ ಮಾತ್ರ. 'ಅರ್ಥ ಹೇಳಿದ ಪಾತ್ರ' ಎಂಬುದಕ್ಕೆ ಸ್ಕೀಮಾ ಡಾಟ್ ಆರ್ಗ್‌ನಲ್ಲಿ 'ಕ್ಯಾರೆಕ್ಟರ್ ನೇಮ್' ಇದೆ, ನೋಡಿ. ಹೊಸದು ಬೇಕಾಗಲೇ ಇಲ್ಲ. ಮಾಡಲೇಬೇಕೆಂದರೆ ಅದಕ್ಕೆ ವಿಳಾಸ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ವ್ಯಾಖ್ಯೆ, ಯಾವ ದೊಡ್ಡ ಪದದ ಉಪಪದ ಎಂಬ ಮಾಹಿತಿ, ಮಾಡಿದ ದಿನ, ಇಷ್ಟನ್ನು ಕೊಡಿ. ವಿಳಾಸವನ್ನು ನಿಮ್ಮ ಸಂಘದ ವೆಬ್‌ಸೈಟಿನ ಮೇಲೆ ಕಟ್ಟಬೇಡಿ. ಡೊಮೇನ್ ನವೀಕರಣಕ್ಕೆ ಹಣ ಕಟ್ಟಲು ಯಾರೋ ಮರೆತ ವರ್ಷ ಎಲ್ಲ ಕೊಂಡಿಗಳೂ ಸಾಯುತ್ತವೆ. ಡಬ್ಲ್ಯೂ3ಐಡಿ ಎಂಬ ಸಮುದಾಯದ ಸೇವೆ ಪುಕ್ಕಟೆ ಶಾಶ್ವತ ವಿಳಾಸ ಕೊಡುತ್ತದೆ. ಸೈಟ್ ಬದಲಾದರೆ ಅಲ್ಲಿ ಒಂದು ಸಾಲು ತಿದ್ದಿದರಾಯಿತು.

ಕೊನೆಗೆ ಪರೀಕ್ಷೆ. ಆ ಹತ್ತು ವಸ್ತುಗಳನ್ನೇ ಮತ್ತೆ ಮೇಜಿನ ಮೇಲಿಡಿ. ಸ್ಕೀಮಾ ಮಾಡುವಾಗ ಇಲ್ಲದಿದ್ದ ಇಬ್ಬರನ್ನು ಕರೆಯಿರಿ. ಒಬ್ಬರು ಕಲೆ ಬಲ್ಲವರು, ಇನ್ನೊಬ್ಬರು ಕಾಲೇಜು ಹುಡುಗಿಯೋ ಹುಡುಗನೋ. ಡಿಸಿ-ಟ್ಯಾಪ್ ಹಾಳೆ ಮಾತ್ರ ಕೈಗೆ ಕೊಟ್ಟು, ಬಾಯಿಮಾತಿನಲ್ಲಿ ಏನೂ ಹೇಳದೆ, ಬೇರೆ ಬೇರೆ ಕೂತು ತುಂಬಲು ಹೇಳಿ. ಎರಡು ಹಾಳೆಗಳು ಬೇರೆಯಾದ ಪ್ರತಿ ಕಾಲಮ್ಮಿನಲ್ಲೂ ನಿಮ್ಮ ಟಿಪ್ಪಣಿ ಸಾಲದು ಎಂದು ಅರ್ಥ. ತುಂಬಿದವರನ್ನು ತಿದ್ದಬೇಡಿ, ಟಿಪ್ಪಣಿಯನ್ನು ತಿದ್ದಿ. ಮುಂದಿನ ಹತ್ತು ವಸ್ತುಗಳನ್ನು ಇನ್ನಿಬ್ಬರಿಗೆ ಕೊಡಿ.